ಮೂತ್ರ ಕಟ್ಟಿದ ಬೆಕ್ಕಿಗೆ ಔಷಧಾಹಾರ ತಿನ್ನಿಸುವುದು ಹೇಗೆ?

ಕೃಷಿಕರ ಮನೆಯಲ್ಲಿ ಬೆಕ್ಕು ಚಂದಕ್ಕೆ ಸಾಕುವ ಪ್ರಾಣಿಯಲ್ಲ. ಅಟ್ಟದಲ್ಲಿ ಅಡಿಕೆ, ಮೂಲೆಯಲ್ಲಿ ತೆಂಗಿನಕಾಯಿ ರಾಶಿ, ಒಳಗೆ ಅಕ್ಕಿ, ಕೊಟ್ಟಿಗೆಯಲ್ಲಿ ಹಿಂಡಿ ಚೀಲ - ಇಷ್ಟೆಲ್ಲ ಇದ್ದಲ್ಲಿಗೆ ಇಲಿ ಬಾರದೆ ಇದ್ದೀತೇ? ಒಂದು ಒಳ್ಳೆಯ ಬೆಕ್ಕಿದ್ದರೆ ಇಲಿಪಾಷಾಣದ ಗೊಡವೆ ಬೇಡ. ಆದರೆ ದನದ ಕೆಚ್ಚಲು ಬಾವಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಬೆಕ್ಕಿನ ಕಾಯಿಲೆಯ ಬಗ್ಗೆ ಮಾತಾಡುವುದು ಕಮ್ಮಿ. ಎರಡು ದಿನ ಮೂಲೆಯಲ್ಲಿ ಮಲಗಿ ಮೂರನೆಯ ದಿನ ಸತ್ತರೆ ‘ಹಾವು ಕಚ್ಚಿರಬೇಕು’ ಅಂತ ತೋಟದ ಬದಿಯಲ್ಲಿ ಹೂಳುತ್ತೇವೆ.

ಗಂಡು ಬೆಕ್ಕು ಹೀಗೆ ಸಾಯುವುದಕ್ಕೆ ಒಂದು ಕಾರಣ ಮೂತ್ರ ಕಟ್ಟುವುದು. 2023ರ ಜೂನ್ ತಿಂಗಳಲ್ಲಿ ನಮ್ಮ ಮನೆಯ ಕರಿಯನಿಗೆ ಇದು ಬಂತು. ಐದು ವರ್ಷದ ಗಂಡು, ಸಂತಾನಹರಣ ಶಸ್ತ್ರಕ್ರಿಯೆ ಆಗಿದೆ. ಪಶುವೈದ್ಯರು ಮಂಪರು ಬರಿಸಿ, ಸಪೂರದ ನಳಿಗೆ ಹಾಕಿ ಮೂತ್ರ ಬಿಡಿಸಿದರು. ಜೀವ ಉಳಿಯಿತು. ಹೊರಡುವಾಗ ಒಂದು ಚೀಟಿ ಕೊಟ್ಟರು. ಅದರಲ್ಲಿ ಬರೆದದ್ದು ಮಾತ್ರೆಯಲ್ಲ, ಆಹಾರ! ‘ಇನ್ನು ಇದನ್ನೇ ತಿನ್ನಬೇಕು, ಬೇರೆ ಏನೂ ಬೇಡ’ ಎಂದರು.

ಚೀಟಿ ಬರೆಯುವುದು ಸುಲಭ. ಹಾಲನ್ನ ತಿಂದು ಬೆಳೆದ ಬೆಕ್ಕಿನ ಬಾಯಿಗೆ ಅದನ್ನು ಹೋಗಿಸುವುದೇ ನಿಜವಾದ ಕೆಲಸ. ನಮಗೆ ಅದಕ್ಕೆ 28 ದಿನ ಬೇಕಾಯಿತು. ಹೇಗೆ ಮಾಡಿದೆವು, ಯಾಕೆ ಹಾಗೆ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಗುರುತಿಸುವುದು ಹೇಗೆ?

ಬೆಕ್ಕು ಪದೇ ಪದೇ ಕುಕ್ಕರಗಾಲಲ್ಲಿ ಕೂತು ಮುಕ್ಕುತ್ತದೆ. ಒಂದೆರಡು ಹನಿ ಬರುತ್ತದೆ, ಅಥವಾ ಏನೂ ಬರುವುದಿಲ್ಲ. ಬಂದದ್ದರಲ್ಲಿ ರಕ್ತದ ಬಣ್ಣ ಇರಬಹುದು. ಮೂತ್ರದ ಜಾಗವನ್ನು ನೆಕ್ಕುತ್ತಲೇ ಇರುತ್ತದೆ. ವಿಚಿತ್ರವಾಗಿ ಕೂಗುತ್ತದೆ. ನೋಡಿದವರು ‘ಮಲಬದ್ಧತೆ’ ಎಂದುಕೊಳ್ಳುವುದು ಹೆಚ್ಚು. ಆಮೇಲೆ ವಾಂತಿ, ಸುಸ್ತು. ಹೊಟ್ಟೆಯ ಹಿಂಭಾಗ ಮುಟ್ಟಿದರೆ ನಿಂಬೆಹಣ್ಣಿನ ಹಾಗೆ ಗಟ್ಟಿ ಉಂಡೆ ಸಿಗುತ್ತದೆ. ಅದು ತುಂಬಿದ ಮೂತ್ರಕೋಶ. ಅದನ್ನು ಒತ್ತಬಾರದು, ಒಡೆದೀತು.

ಹೆಣ್ಣು ಬೆಕ್ಕಿಗೂ ಹರಳು ಆಗುತ್ತದೆ. ಆದರೆ ಪೂರ್ತಿ ಕಟ್ಟುವುದು ಹೆಚ್ಚಾಗಿ ಗಂಡಿಗೆ. ಗಂಡಿನ ಮೂತ್ರನಾಳ ಉದ್ದ, ತುದಿಯಲ್ಲಿ ಬಹಳ ಸಪೂರ. ಕಟ್ಟಿದ ಮೇಲೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತ ಹೋಗುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಎರಡು ಮೂರು ದಿನದಲ್ಲಿ ಸಾವು. ಹಾಗಾಗಿ ‘ನಾಳೆ ನೋಡುವಾ’ ಎನ್ನುವ ಕಾಯಿಲೆ ಇದಲ್ಲ. ರಾತ್ರಿ ಗೊತ್ತಾದರೆ ರಾತ್ರಿಯೇ ಹೊರಡಬೇಕು.

ಇನ್ನೊಂದು ಮಾತು. ಮೂತ್ರಕಲ್ಲು ಎಂದ ಕೂಡಲೇ ನಮ್ಮಲ್ಲಿ ಎಳನೀರು, ಬಾಳೆದಿಂಡಿನ ರಸ ನೆನಪಾಗುತ್ತದೆ. ಮೂತ್ರ ಕಟ್ಟಿದ ಬೆಕ್ಕಿಗೆ ಎಳನೀರು ಕುಡಿಸಲೇಬೇಡಿ. ಅದರಲ್ಲಿ ಪೊಟ್ಯಾಸಿಯಂ ಧಾರಾಳ ಉಂಟು. ಏರಿದ್ದಕ್ಕೆ ಇನ್ನಷ್ಟು ಸೇರಿಸಿದ ಹಾಗಾಗುತ್ತದೆ. ನೋವಿಗೆ ಅಂತ ಮನೆಯ ಪ್ಯಾರಾಸಿಟಮಾಲ್ ಮಾತ್ರೆಯನ್ನೂ ಕೊಡಬಾರದು. ಅದು ಬೆಕ್ಕಿಗೆ ವಿಷ.

ಹರಳಿಗೆ ಆಹಾರವೇ ಮದ್ದು

ಬೆಕ್ಕಿನ ಪೂರ್ವಜರು ಮರುಭೂಮಿಯ ಪ್ರಾಣಿಗಳು. ಬಾಯಾರಿಕೆ ಕಡಿಮೆ. ಬೇಕಾದ ನೀರಿನ ಹೆಚ್ಚಿನ ಪಾಲು ಬೇಟೆಯ ಮೈಯಿಂದಲೇ ಸಿಗಬೇಕು. ಇಲಿಯ ಮೈಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರೇ. ಬೆಕ್ಕಿನ ಮೂತ್ರ ಗಾಢ. ನೀರು ಕಡಿಮೆಯಾದರೆ ಅದರಲ್ಲಿ ಕರಗಿದ ಖನಿಜಗಳು ಹರಳುಗಟ್ಟುತ್ತವೆ, ಬೆಲ್ಲದ ಪಾಕ ಬತ್ತಿದ ಹಾಗೆ.

ಹರಳಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಸ್ಟ್ರುವೈಟ್. ಇದು ಮೆಗ್ನೀಸಿಯಂ, ಅಮೋನಿಯಂ, ರಂಜಕ ಸೇರಿ ಆಗುವಂಥದ್ದು. ಇನ್ನೊಂದು ಕ್ಯಾಲ್ಸಿಯಂ ಆಕ್ಸಲೇಟ್. ಸ್ಟ್ರುವೈಟ್ ಆಹಾರದಿಂದಲೇ ಕರಗುತ್ತದೆ. ಸರಿಯಾದ ಆಹಾರವನ್ನು ಮಾತ್ರ ತಿಂದರೆ ಕೆಲವೇ ವಾರ ಸಾಕು. ಆಕ್ಸಲೇಟ್ ಆಹಾರದಿಂದ ಕರಗುವುದಿಲ್ಲ, ತೆಗೆಯಬೇಕಾಗುತ್ತದೆ. ಹರಳೇ ಇಲ್ಲದೆ ಬರೀ ಮೂತ್ರಕೋಶದ ಉರಿಯಿಂದ ತೊಂದರೆ ಆಗುವ ಬೆಕ್ಕುಗಳೂ ಬಹಳ. ಹೆದರಿಕೆ, ಮನೆ ಬದಲಾವಣೆ, ಬೇರೆ ಬೆಕ್ಕಿನ ಕಾಟ ಕೂಡ ಅದಕ್ಕೆ ಕಾರಣವಾಗುತ್ತದೆ. ಹಾಗಾಗಿ ಮೂತ್ರ ಪರೀಕ್ಷೆ, ಎಕ್ಸ್‌ರೇ ಮಾಡಿದ ಮೇಲೆಯೇ ಆಹಾರ ನಿರ್ಧಾರ ಆಗಬೇಕು. ಒಬ್ಬರ ಬೆಕ್ಕಿಗೆ ಬರೆದದ್ದನ್ನು ಇನ್ನೊಬ್ಬರು ತಂದು ಹಾಕುವ ವಿಷಯ ಅಲ್ಲ. ಕರಿಯನದ್ದು ಸ್ಟ್ರುವೈಟ್ ಎಂದು ತೀರ್ಮಾನ ಆಯಿತು.

ಮಾಂಸ ತಿನ್ನುವ ಪ್ರಾಣಿಯ ಮೂತ್ರ ಸ್ವಲ್ಪ ಹುಳಿ, ಅಂದರೆ ಆಮ್ಲೀಯ. ಧಾನ್ಯ ಹೆಚ್ಚಾದರೆ ಕ್ಷಾರದ ಕಡೆಗೆ ವಾಲುತ್ತದೆ. ಕ್ಷಾರದ ಮೂತ್ರದಲ್ಲಿ ಸ್ಟ್ರುವೈಟ್ ಬೇಗ ಕೂರುತ್ತದೆ. ನಮ್ಮ ಮಣ್ಣಿಗೆ ಸುಣ್ಣ ಹಾಕುವಾಗ ನೋಡುವ ಪಿಎಚ್ ಲೆಕ್ಕವೇ ಇಲ್ಲಿಯೂ. ಈ ಆಹಾರಗಳಲ್ಲಿ ಮೆಗ್ನೀಸಿಯಂ, ರಂಜಕ ಹಿಡಿತದಲ್ಲಿರುತ್ತವೆ. ಮೂತ್ರ ಬೇಕಾದಷ್ಟೇ ಹುಳಿಯಾಗುವಂತೆ, ತೆಳ್ಳಗಾಗುವಂತೆ ಲೆಕ್ಕ ಹಾಕಿ ಮಾಡಿರುತ್ತಾರೆ. ರಾಯಲ್ ಕ್ಯಾನಿನ್‌ನ ಯೂರಿನರಿ ಎಸ್/ಒ, ಹಿಲ್ಸ್‌ನ ಸಿ/ಡಿ ಇಂಥವು. ‘ಹಾಗಾದರೆ ಲಿಂಬೆರಸ ಹಾಕಿದರೆ ಸಾಲದೇ?’ ಎಂದು ಒಬ್ಬರು ಕೇಳಿದರು. ಸಾಲದು. ಹುಳಿ ಹೆಚ್ಚಾದರೆ ಆಕ್ಸಲೇಟ್ ಹರಳಿಗೆ ದಾರಿಯಾಗುತ್ತದೆ.

‘ಹಸಿದರೆ ತಿಂದೀತು’ ಎನ್ನಬೇಡಿ

ಕರಿಯನ ಮುಂದೆ ಮೊದಲ ಸಲ ಹೊಸ ಕಾಳು ಇಟ್ಟಾಗ ಮೂಸಿ ನೋಡಿದ. ಆಮೇಲೆ ಮಲ ಮುಚ್ಚುವ ಹಾಗೆ ಸುತ್ತ ನೆಲ ಕೆರೆದು ಎದ್ದು ಹೋದ. ಬಂದವರೆಲ್ಲ ಕೊಟ್ಟ ಸಲಹೆ ಒಂದೇ: ‘ಎರಡು ದಿನ ಉಪವಾಸ ಹಾಕಿ ಮಾರಾಯ್ರೆ, ತಾನಾಗಿ ತಿನ್ನುತ್ತದೆ.’

ನಾಯಿಯಾದರೆ ಸರಿ. ಬೆಕ್ಕಿಗೆ ಈ ಲೆಕ್ಕ ನಡೆಯುವುದಿಲ್ಲ. ಹೊಟ್ಟೆಗೆ ಇಲ್ಲದಾಗ ಮೈಯ ಕೊಬ್ಬು ಕರಗಿ ಪಿತ್ತಕೋಶದ ಪಕ್ಕದ ಯಕೃತ್ತಿಗೆ ಬರುತ್ತದೆ. ಬೆಕ್ಕಿನ ಯಕೃತ್ತು ಅಷ್ಟನ್ನು ಸುಧಾರಿಸಲಾರದು. ಅದರಲ್ಲೇ ಕೊಬ್ಬು ತುಂಬಿ ಕಾಮಾಲೆ ಶುರುವಾಗುತ್ತದೆ. ಕೆಲವೇ ದಿನದ ಉಪವಾಸ ಸಾಕು, ದಪ್ಪ ಬೆಕ್ಕಿಗಂತೂ ಬಹಳ ಅಪಾಯ. ಮೂತ್ರದ ಕಾಯಿಲೆಯಿಂದ ಬದುಕಿದ ಬೆಕ್ಕನ್ನು ಹಟಕ್ಕೆ ಬಿದ್ದು ಯಕೃತ್ತಿನ ಕಾಯಿಲೆಯಿಂದ ಕಳೆದುಕೊಳ್ಳಬೇಕೇ?

ನಾವಿಟ್ಟುಕೊಂಡ ನಿಯಮ ಇಷ್ಟು: ಒಂದು ಇಡೀ ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನು. ವಾರಕ್ಕೊಮ್ಮೆ ತೂಕ. ಕೈಚೀಲದಲ್ಲಿ ಕೂರಿಸಿ ಅಡಿಕೆ ತೂಗುವ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದರೆ ಆಯಿತು. ಶುರುವಿನಲ್ಲಿ 5 ಕಿಲೊ 200 ಗ್ರಾಂ ಇದ್ದ. ಹತ್ತರಲ್ಲೊಂದು ಪಾಲು ಇಳಿದರೆ ಪ್ರಯತ್ನ ನಿಲ್ಲಿಸಿ ವೈದ್ಯರನ್ನು ಕೇಳುವುದೆಂದು ನಿಶ್ಚಯಿಸಿದ್ದೆವು. ಅಷ್ಟು ಇಳಿಯಲಿಲ್ಲ. ಕೊನೆಗೆ 4 ಕಿಲೊ 900 ಗ್ರಾಂಗೆ ನಿಂತ. ಬೊಜ್ಜಿದ್ದ ಬೆಕ್ಕಿಗೆ ಅದು ಒಳ್ಳೆಯದೇ ಆಯಿತು.

ಮೂಗು ಒಪ್ಪಿದರೆ ಬಾಯಿ ಒಪ್ಪುತ್ತದೆ

ಬೆಕ್ಕಿಗೆ ಸಿಹಿ ರುಚಿ ಗೊತ್ತಾಗುವುದಿಲ್ಲ. ಸಿಹಿ ಗ್ರಹಿಸುವ ವಂಶವಾಹಿಯೇ ಬೆಕ್ಕಿನ ಜಾತಿಯಲ್ಲಿ ಕೆಟ್ಟಿದೆ ಎಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ನಾಲಗೆಯ ರುಚಿಮೊಗ್ಗುಗಳೂ ನಮಗಿಂತ ತೀರಾ ಕಡಿಮೆ. ಅದು ಆಹಾರ ಆರಿಸುವುದು ಮೂಗಿನಿಂದ. ಆಮೇಲೆ ನೋಡುವುದು ಬಿಸಿಯನ್ನು, ಬಾಯಿಗೆ ಸಿಗುವ ಹದವನ್ನು. ಮರಿಯಲ್ಲಿ ತಿಂದ ಹದವನ್ನೇ ಬೆಳೆದ ಮೇಲೂ ಹುಡುಕುತ್ತದೆ. ಮೆತ್ತಗಿನ ಹಾಲನ್ನದ ಬೆಕ್ಕಿಗೆ ಗಟ್ಟಿ ಕಾಳು ಕೊಟ್ಟರೆ ಅದು ಆಹಾರವೆಂದೇ ಅನಿಸದು.

ಒಂದು ನೆನಪಿಡಬೇಕಾದ್ದು: ವಾಕರಿಕೆ ಇದ್ದಾಗ ತಿಂದ ಆಹಾರದ ಮೇಲೆ ಬೆಕ್ಕಿಗೆ ಜುಗುಪ್ಸೆ ಹುಟ್ಟುತ್ತದೆ. ಆಸ್ಪತ್ರೆಯಿಂದ ಬಂದ ದಿನವೇ ಹೊಸ ಆಹಾರ ಮುಂದಿಟ್ಟರೆ ಅದರ ವಾಸನೆಗೂ ನೋವಿಗೂ ಗಂಟು ಬೀಳುತ್ತದೆ. ನಾವು ಮೂರು ದಿನ ಬಿಟ್ಟು, ಅವನು ಸರಿಯಾಗಿ ಉಣ್ಣಲು ತೊಡಗಿದ ಮೇಲೆ ಶುರು ಮಾಡಿದೆವು. ಇದೇ ಕಾರಣಕ್ಕೆ ಮಾತ್ರೆಯನ್ನು ಯಾವತ್ತೂ ಹೊಸ ಆಹಾರದಲ್ಲಿ ಅಡಗಿಸಿ ಕೊಡಬಾರದು.

28 ದಿನದ ಕ್ರಮ

ದನಕ್ಕೆ ಒಂದು ಹಿಂಡಿಯಿಂದ ಇನ್ನೊಂದಕ್ಕೆ ಬದಲಿಸುವಾಗ ನಾವು ಒಮ್ಮೆಲೇ ಬದಲಿಸುತ್ತೇವೆಯೇ? ಇಲ್ಲ. ಸೇರಿಸುತ್ತ, ತೆಗೆಯುತ್ತ ಹೋಗುತ್ತೇವೆ. ಬೆಕ್ಕಿಗೂ ಹಾಗೆಯೇ. ಸಾಮಾನ್ಯ ಬೆಕ್ಕಿಗೆ ಏಳೆಂಟು ದಿನ ಸಾಕು. ಹಟಮಾರಿಗೆ ಮೂರು ನಾಲ್ಕು ವಾರ ಇಟ್ಟುಕೊಳ್ಳಿ. ‘ತಿನ್ನದೆ ಉಳಿದ ಔಷಧಾಹಾರಕ್ಕಿಂತ ಅರ್ಧ ತಿಂದದ್ದು ಮೇಲು’ ಎಂದು ವೈದ್ಯರೂ ಒಪ್ಪಿದರು.

ಮೊದಲಿಗೆ ಹೊತ್ತುಗೊತ್ತು ಸರಿಪಡಿಸಿದೆವು. ದಿನವಿಡೀ ತಟ್ಟೆ ಇಡುವುದನ್ನು ನಿಲ್ಲಿಸಿ ನಾಲ್ಕು ಹೊತ್ತು ಮಾಡಿದೆವು. ಅರ್ಧ ಗಂಟೆಯಾದ ಮೇಲೆ ತಟ್ಟೆ ಎತ್ತುವುದು. ಇದು ಉಪವಾಸವಲ್ಲ, ಹಸಿವೆಗೆ ಜಾಗ ಮಾಡಿಕೊಡುವುದು.

ಮೊದಲ ನಾಲ್ಕು ದಿನ: ಹಾಲನ್ನದ ಪಕ್ಕದಲ್ಲಿ ಇನ್ನೊಂದು ತಟ್ಟೆಯಲ್ಲಿ ಹತ್ತು ಕಾಳು. ತಿನ್ನಲಿ ಬಿಡಲಿ, ವಾಸನೆ ಪರಿಚಯವಾಗಬೇಕು, ಅಷ್ಟೆ.

5ರಿಂದ 10ನೆಯ ದಿನ: ಕಾಳನ್ನು ಪುಡಿ ಮಾಡಿ, ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಕಾಲು ಪಾಲಿನಷ್ಟು ಹಾಲನ್ನಕ್ಕೆ ಬೆರೆಸಿದೆವು. ಹಾಲಿಗೆ ಅರ್ಧ ನೀರು.

11ರಿಂದ 16: ಅರ್ಧಕ್ಕರ್ಧ. ಹಾಲು ಪೂರ್ತಿ ಬಂದ್, ಬರೀ ನೀರು.

17ರಿಂದ: ಮುಕ್ಕಾಲು ಪಾಲು ಹೊಸತು. ಇಲ್ಲಿ ಕರಿಯ ಮುಷ್ಕರ ಹೂಡಿದ. ಎರಡು ಹೊತ್ತು ಮೂಸಿ ಹೋದ. ಕೂಡಲೇ ಅರ್ಧಕ್ಕೆ ಹಿಂದೆ ಬಂದೆವು. ಮೂರು ದಿನ ಕಳೆದು ಪುನಃ ಮುಕ್ಕಾಲಿಗೆ ಹತ್ತಿಸಿದಾಗ ತಿಂದ. ಬೆಕ್ಕಿನ ಎದುರು ಹಿಂದೆ ಸರಿದರೆ ಸೋಲಲ್ಲ. 28ನೆಯ ದಿನ ತಟ್ಟೆಯಲ್ಲಿ ಬೇರೇನೂ ಇರಲಿಲ್ಲ.

ಉಪಯೋಗಕ್ಕೆ ಬಂದ ಸಣ್ಣಪುಟ್ಟ ಸಂಗತಿಗಳು:

ಬಿಸಿ: ಇಲಿಯ ಮೈಬಿಸಿಯಷ್ಟು ಇರಬೇಕು. ಬೆರಳು ಅದ್ದಿದರೆ ಉಗುರು ಬೆಚ್ಚಗೆ, ಅಷ್ಟೇ. ಬಿಸಿಯಾದಾಗ ವಾಸನೆ ಏಳುತ್ತದೆ. ನಮ್ಮಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

ಹೊತ್ತು: ಮುಸ್ಸಂಜೆ ಮತ್ತು ಬೆಳಗಿನ ಜಾವ ಬೆಕ್ಕಿನ ಬೇಟೆಯ ಹೊತ್ತು. ಹಗ್ಗದ ತುದಿಗೆ ಒಣ ಸೋಗೆಯ ಗರಿ ಕಟ್ಟಿ ಐದು ನಿಮಿಷ ಓಡಿಸಿ ಆಮೇಲೆ ತಟ್ಟೆ ಇಟ್ಟರೆ ಹೆಚ್ಚು ತಿನ್ನುತ್ತಿದ್ದ.

ಜಾಗ: ಮಣ್ಣಿನ ತಟ್ಟೆಯಿಂದ, ಅಂದರೆ ಮಲಮೂತ್ರದ ಜಾಗದಿಂದ, ದೂರ. ನಾಯಿ, ಮಕ್ಕಳ ಗಲಾಟೆ ಇಲ್ಲದ ಕಡೆ. ಅಗಲದ ಬಸಿ ಒಳ್ಳೆಯದು.

ಇರುವೆ: ಬಸಿಯನ್ನು ನೀರು ಹಾಕಿದ ತಟ್ಟೆಯೊಳಗೆ ಇಡಿ. ಇರುವೆ ಮುತ್ತಿದ್ದನ್ನು ಬೆಕ್ಕು ಮುಟ್ಟುವುದಿಲ್ಲ.

ದಾಸ್ತಾನು: ನಮ್ಮ ಮಳೆಗಾಲದಲ್ಲಿ ಒಡೆದ ಚೀಲ ವಾರದಲ್ಲಿ ಮುಗ್ಗಲು ವಾಸನೆ ಬರುತ್ತದೆ. ಮೂಗು ಮೊದಲು ಹೇಳುವುದು ಬೆಕ್ಕಿಗೆ, ನಮಗಲ್ಲ. ಸಣ್ಣ ಚೀಲ ತನ್ನಿ. ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ನೆನೆಸಿ ಉಳಿದದ್ದನ್ನು ಎಸೆಯಿರಿ.

ಇಷ್ಟಾದರೂ ಒಪ್ಪದಿದ್ದರೆ ಅದೇ ಆಹಾರದ ತೇವದ ರೂಪ ಪೊಟ್ಟಣದಲ್ಲಿ ಸಿಗುತ್ತದೆ. ಅಥವಾ ಬೇರೆ ಕಂಪೆನಿಯದ್ದನ್ನು ನೋಡಬಹುದು. ಒಂದರ ಕಾಳು ದುಂಡಗೆ, ಇನ್ನೊಂದರದ್ದು ಚಪ್ಪಟೆ. ಬೆಕ್ಕಿಗೆ ಅದೂ ದೊಡ್ಡ ವಿಷಯ! ಬದಲಿಸುವ ಮೊದಲು ವೈದ್ಯರನ್ನು ಕೇಳಬೇಕು.

ಎರಡು ಮನೆಯ ಬೆಕ್ಕು

ಊರ ಬೆಕ್ಕಿನ ದೊಡ್ಡ ಸಮಸ್ಯೆ ಇದು. ಪೇಟೆಯ ಬೆಕ್ಕು ಫ್ಲಾಟಿನೊಳಗೆ ಇರುತ್ತದೆ, ಕೊಟ್ಟದ್ದನ್ನು ತಿನ್ನುತ್ತದೆ. ನಮ್ಮದಕ್ಕೆ ಇಡೀ ಗ್ರಾಮವೇ ಊಟದ ಮನೆ. ಏಳನೆಯ ದಿನ ಕರಿಯ ಏನೂ ಮುಟ್ಟದಿದ್ದರೂ ಹೊಟ್ಟೆ ದುಂಡಗಿತ್ತು. ಕೆಳಗಿನ ಮನೆಗೆ ಹೋಗಿ ವಿಚಾರಿಸಿದೆ. ಅಲ್ಲಿಯ ಅಕ್ಕ ನಕ್ಕು, ‘ಅವ ದಿನಾ ಹತ್ತೂವರೆಗೆ ಬರ್ತಾನಲ್ಲ ಭಟ್ರೇ! ಬಂಗುಡೆಯ ತಲೆ ಅವನಿಗೇ ಅಂತ ತೆಗೆದಿಡುದು’ ಎಂದರು. ನನಗೆ ಅದುವರೆಗೆ ಗೊತ್ತಿಲ್ಲದ ಸಂಗತಿ.

ಮೀನಿನ ತಲೆ, ಮುಳ್ಳಿನಲ್ಲಿ ರಂಜಕ, ಮೆಗ್ನೀಸಿಯಂ ಹೆಚ್ಚು. ಒಣಮೀನಿನಲ್ಲಿ ಅದರ ಮೇಲೆ ಉಪ್ಪು ಬೇರೆ. ಔಷಧಾಹಾರದ ಲೆಕ್ಕವೆಲ್ಲ ತಲೆಕೆಳಗು. ವಿಷಯ ತಿಳಿಸಿದ ಮೇಲೆ ಅವರು ನಿಲ್ಲಿಸಿದರು. ನಾವೂ ಕರಿಯನನ್ನು ಅಡಿಕೆ ಅಂಗಳದ ಬದಿಯ ಕೋಣೆಯಲ್ಲಿ ಕೂಡಿಹಾಕಿದೆವು. ಅಡಗಲು ಒಂದು ರಟ್ಟಿನ ಪೆಟ್ಟಿಗೆ, ಹತ್ತಿ ಕೂರಲು ಎತ್ತರದ ಹಲಗೆ, ಒಂದು ಕಿಟಕಿ. ಹೆದರಿಕೆಯೂ ಈ ಕಾಯಿಲೆಗೆ ಕಾರಣವಾದ್ದರಿಂದ ಕೋಣೆ ಜೈಲಿನ ಹಾಗೆ ಆಗಬಾರದು. ಬಾಣಲೆಯಂಥ ತಟ್ಟೆಯಲ್ಲಿ ಹೊಯಿಗೆ ಹಾಕಿ ಇಟ್ಟೆವು. ಇದರಿಂದ ಇನ್ನೊಂದು ಲಾಭ: ದಿನಕ್ಕೆ ಎಷ್ಟು ಸಲ ಮೂತ್ರ ಮಾಡಿದ ಎಂದು ಒದ್ದೆ ಹೆಂಟೆ ಎಣಿಸಿ ತಿಳಿಯಬಹುದು. ಎರಡರಿಂದ ನಾಲ್ಕು ದೊಡ್ಡ ಹೆಂಟೆ ಇದ್ದರೆ ನಿಶ್ಚಿಂತೆ. ಚಿಲ್ಲರೆ ಚಿಲ್ಲರೆ ಹಲವಿದ್ದರೆ, ಅಥವಾ ಇಲ್ಲವೇ ಇಲ್ಲ ಎಂದಾದರೆ ಓಡಬೇಕು.

ನೀರು ಅರ್ಧ ಮದ್ದು

ಒಣ ಕಾಳಿನಲ್ಲಿ ನೀರು ನೂರಕ್ಕೆ ಹತ್ತರೊಳಗೆ. ಪೊಟ್ಟಣದ ತೇವದ ಆಹಾರದಲ್ಲಿ ಮುಕ್ಕಾಲಂಶಕ್ಕಿಂತ ಮೇಲೆ. ಹಾಗಾಗಿ ತೇವದ್ದೇ ಉತ್ತಮ, ಆದರೆ ಖರ್ಚು ಜಾಸ್ತಿ. ನಾವು ಕಾಳನ್ನು ಅದರ ಎರಡರಷ್ಟು ನೀರಲ್ಲಿ ನೆನೆಸಿ ಕೊಡುತ್ತೇವೆ. ಕುಡಿಯುವ ನೀರನ್ನು ಮೂರು ಕಡೆ ಅಗಲದ ಪಾತ್ರೆಯಲ್ಲಿ ಕಂಠದವರೆಗೆ ತುಂಬಿ ಇಟ್ಟಿದ್ದೇವೆ, ಊಟದ ತಟ್ಟೆಯಿಂದ ದೂರ. ಕರಿಯನಿಗೆ ಹರಿಯುವ ನೀರೆಂದರೆ ಪ್ರೀತಿ. ಈಗ ಹೊರಗೆ ಬಿಟ್ಟ ಮೇಲೆ ಸುರಂಗದ ನೀರು ಬೀಳುವ ಅಡಿಕೆ ದಂಬೆಯ ಬುಡದಲ್ಲಿ ದಿನಕ್ಕೆರಡು ಸಲ ಹಾಜರು.

ಮನೆಯಲ್ಲೇ ಮಾಡಬಹುದೇ?

ನಮ್ಮಂಥ ಸಸ್ಯಾಹಾರದ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಔಷಧಾಹಾರದಲ್ಲಿ ಕೋಳಿ ಮಾಂಸ ಉಂಟು ಎಂದು ತಿಳಿದಾಗ ಅಮ್ಮ, ‘ಅದು ಒಳಗೆ ಬರುವುದು ಬೇಡ’ ಎಂದರು. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಹೊರಗಿನಿಂದಲೇ ಸಿಗಬೇಕು. ಅದು ಇರುವುದು ಮಾಂಸ, ಮೀನಿನಲ್ಲಿ. ಅದರ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಎಂದು 1987ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. ನಮ್ಮ ಹಾಲನ್ನದ ಬೆಕ್ಕುಗಳು ಇಷ್ಟು ಕಾಲ ಬದುಕಿದ್ದು ಹಾಲನ್ನದಿಂದ ಅಲ್ಲ, ಇಲಿಯಿಂದ. ಕೋಣೆಯಲ್ಲಿ ಕೂಡಿಹಾಕಿದ ಬೆಕ್ಕಿಗೆ ಇಲಿ ಎಲ್ಲಿಂದ? ಇದನ್ನು ವಿವರಿಸಿದ ಮೇಲೆ ಅಮ್ಮ ಒಂದು ಷರತ್ತು ಹಾಕಿದರು: ಡಬ್ಬ, ಬಸಿ, ಚಮಚ ಎಲ್ಲ ಕೊಟ್ಟಿಗೆಯ ಬದಿಯಲ್ಲೇ ಇರಬೇಕು. ಹಾಗೆಯೇ ನಡೆದಿದೆ. ನೆನೆಸಲು ಬಿಸಿನೀರು ಬಚ್ಚಲ ಹಂಡೆಯದ್ದು. ಹೊತ್ತಿಗೆ ಸರಿಯಾಗಿ ಅದನ್ನು ತೆಗೆದಿಡುವವರು ಈಗ ಅಮ್ಮನೇ.

ರುಚಿಗೆಂದು ಮೇಲಿನಿಂದ ಏನಾದರೂ ಹಾಕುವುದಾದರೆ ವೈದ್ಯರನ್ನು ಕೇಳಿ ಚೂರೇ ಚೂರು. ನೀರುಳ್ಳಿ, ಬೆಳ್ಳುಳ್ಳಿ ಇರುವ ಸಾರು, ಸಾಂಬಾರು ಬೇಡವೇ ಬೇಡ. ಅವು ಬೆಕ್ಕಿನ ರಕ್ತ ಕೆಡಿಸುತ್ತವೆ. ಒಣಮೀನಿನ ಪುಡಿ, ಉಪ್ಪು, ಹಾಲು ಬೇಡ. ಬಾಯಿ ತೆರೆಸಿ ತುರುಕುವುದೂ ಬೇಡ. ಒಮ್ಮೆ ಹೆದರಿದರೆ ಆ ಬಸಿಯ ಹತ್ತಿರವೇ ಬಾರದು.

ಖರ್ಚು ಮತ್ತು ಫಲ

ಕರಿಯನ ಗಾತ್ರದ ಬೆಕ್ಕಿಗೆ ದಿನಕ್ಕೆ ಸುಮಾರು 60 ಗ್ರಾಂ ಒಣ ಕಾಳು, ಅಂದರೆ ತಿಂಗಳಿಗೆ ಎರಡು ಕಿಲೊದೊಳಗೆ. ದುಬಾರಿ ಹೌದು. ಆದರೆ ಇನ್ನೊಂದು ಸಲ ಮೂತ್ರ ಕಟ್ಟಿದರೆ ಆಗುವ ಆಸ್ಪತ್ರೆ ಖರ್ಚಿನ ಮುಂದೆ ಇದು ಸಣ್ಣದು. ಆ ಖರ್ಚು ಮಾಡಿದರೂ ಬೆಕ್ಕು ಉಳಿಯುವ ಭರವಸೆ ಇಲ್ಲ.

ಪೂರ್ತಿ ಬದಲಾದ ಒಂದು ತಿಂಗಳ ಮೇಲೆ ಎಕ್ಸ್‌ರೇ ತೆಗೆಸಿದೆವು. ಮೂತ್ರಕೋಶ ಚೊಕ್ಕಟವಾಗಿತ್ತು. ಮತ್ತೆ ಹೊರಗೆ ಬಿಟ್ಟೆವು. ಇಲಿ ಹಿಡಿಯುವುದಕ್ಕೆ ವೈದ್ಯರ ಅಡ್ಡಿ ಇಲ್ಲ. ಆರು ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ಮಾಡಿಸುತ್ತೇವೆ. ಈ ಕಾಯಿಲೆ ಮರುಕಳಿಸುವಂಥದ್ದು. ಇದುವರೆಗೆ ಮರುಕಳಿಸಿಲ್ಲ.

ನಿಮ್ಮ ಮನೆಯಲ್ಲಿ ಗಂಡು ಬೆಕ್ಕಿದ್ದರೆ ಇಂದೇ ಎರಡು ಕೆಲಸ ಮಾಡಿ. ಬೆಕ್ಕನ್ನು ನೋಡುವ ಪಶುವೈದ್ಯರು ಹತ್ತಿರದಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ ಅವರ ಫೋನ್ ನಂಬರು ಬರೆದಿಡಿ. ಈಗ ಆರೋಗ್ಯವಾಗಿರುವಾಗಲೇ ತಿಂಗಳಿಗೆ ನಾಲ್ಕಾರು ಸಲ ಬೇರೆ ಬೇರೆ ಹದದ ಆಹಾರ ರೂಢಿ ಮಾಡಿಸಿ - ಮೆತ್ತಗಿನದ್ದು, ಗಟ್ಟಿಯದ್ದು, ತೇವದ್ದು. ಹಲವು ರುಚಿ ಗೊತ್ತಿರುವ ಬೆಕ್ಕಿಗೆ ನಾಳೆ ಚೀಟಿಯ ಆಹಾರ ಬಂದರೆ 28 ದಿನ ಬೇಡ, ಒಂದೇ ವಾರ ಸಾಕಾದೀತು.